ವಂಚನೆಯ ಕರೆಗೆ ಯಾವ ತಡೆ? ಮುಂಬಯಿ, ಪುಣೆ, ಗೋವಾದ ಕನ್ನಡಿಗರ ಮನೆಗಳಿಗೆ ಒಂದು ಹೋಲಿಕೆ

ಡೊಂಬಿವಲಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇರುವ ತಾಯಿಯ ಫೋನಿಗೆ ಕರೆ ಮಾಡಿದವರ ಹೆಸರು ತೋರಿಸುವ ಟ್ರೂಕಾಲರ್ ಆಪ್ ಹಾಕಿಸಿದರೆ ಸಾಕೇ, ಪ್ರಚಾರದ ಕರೆಗಳು ಬೇಡವೆನ್ನುವ ಡಿಎನ್‌ಡಿ ನೋಂದಣಿ ಮಾಡಿಸಬೇಕೇ, ಪರಿಚಯವಿಲ್ಲದ ನಂಬರುಗಳ ಸದ್ದನ್ನೇ ಅಡಗಿಸಿಬಿಡಬೇಕೇ, ಅಥವಾ ಸಿಮ್ ಕಂಪನಿಯನ್ನೇ ಬದಲಿಸಬೇಕೇ? ಮುಂಬಯಿ, ಪುಣೆ, ಗೋವಾದಲ್ಲಿ ನಮ್ಮವರು ನಾಲ್ಕು ಜನ ಸೇರಿದಲ್ಲೆಲ್ಲ ಈ ಪ್ರಶ್ನೆ ಈಗ ಕಿವಿಗೆ ಬೀಳುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಒಂದೇ ಒಂದು ಹೆಸರನ್ನು ನಿರೀಕ್ಷಿಸುತ್ತಾರೆ. ಹಾಗೆ ಒಂದೇ ಹೆಸರು ಹೇಳಲು ಬರುವುದಿಲ್ಲ. ಮಾಟುಂಗಾದಲ್ಲಿ ಹೋಟೆಲು ನಡೆಸುವವರಿಗೆ, ಹಿಂಜೆವಾಡಿಯಲ್ಲಿ ಐಟಿ ಕೆಲಸದಲ್ಲಿರುವವರಿಗೆ, ವಾಸ್ಕೋ ಬಳಿಯ ಝುವಾರಿನಗರದಿಂದ ಕಟ್ಟಡದ ಕೆಲಸಕ್ಕೆ ಹೋಗುವ ಉತ್ತರ ಕರ್ನಾಟಕದವರಿಗೆ ಬೇಕಾದ ರಕ್ಷಣೆ ಬೇರೆ ಬೇರೆ.

ಆಯ್ಕೆಗೆ ಇಳಿಯುವ ಮುನ್ನ ಒಂದು ವಿಷಯ ಸ್ಪಷ್ಟವಾಗಬೇಕು. ಕರೆಯನ್ನು ತಡೆಯುವುದು ಒಂದು ಕೆಲಸ, ಹಣವನ್ನು ಕಾಯುವುದು ಇನ್ನೊಂದು ಕೆಲಸ. ನಾವು ಮೊದಲನೆಯದರ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡು, ಎರಡನೆಯದನ್ನು ಬ್ಯಾಂಕಿಗೆ ಬಿಟ್ಟಿರುತ್ತೇವೆ. ಕರೆ ತಡೆಯುವ ಯಾವ ಉಪಾಯವೂ ಪೂರ್ಣವಲ್ಲ. ನೂರು ಕರೆ ತಡೆದ ಫೋನಿನಲ್ಲಿ ನೂರೊಂದನೆಯದು ಕೂಗಿಯೇ ಕೂಗುತ್ತದೆ. ಆ ಒಂದು ಕರೆಯನ್ನು ಎತ್ತಿದವರ ಕೈಯಿಂದ ಎಷ್ಟು ಹಣ ಎಷ್ಟು ಬೇಗ ಹೊರಹೋಗಬಲ್ಲದು ಎಂಬುದೇ ಕೊನೆಗೆ ಮುಖ್ಯವಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಆಪ್‌ಗಳಿಗೆ ಕೊಟ್ಟಷ್ಟೇ ಜಾಗವನ್ನು ಬ್ಯಾಂಕ್ ಖಾತೆಯ ಏರ್ಪಾಡಿಗೂ ಕೊಟ್ಟಿದ್ದೇನೆ.

ಬರುವ ಕರೆಗಳು ಎಂಥವು

ಕರೆಗಳೆಲ್ಲ ಒಂದೇ ಜಾತಿಯವಲ್ಲ. ಮೊದಲನೆಯದು ಬರೀ ಕಿರಿಕಿರಿ: ಸಾಲ, ಕ್ರೆಡಿಟ್ ಕಾರ್ಡ್, ಪನ್ವೇಲ್ ಕಡೆಯ ಪ್ಲಾಟು. ಎರಡನೆಯದು ಯಂತ್ರ ಮಾತಾಡುವ ಕರೆ. "ಇನ್ನು ಎರಡು ಗಂಟೆಯಲ್ಲಿ ನಿಮ್ಮ ಮೊಬೈಲ್ ನಂಬರ್ ಬಂದ್ ಆಗಲಿದೆ, ಹೆಚ್ಚಿನ ಮಾಹಿತಿಗೆ 9 ಒತ್ತಿ" ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೆಸರಿನಲ್ಲಿ ಬರುವ ಧ್ವನಿ ಇದಕ್ಕೆ ಒಳ್ಳೆಯ ಉದಾಹರಣೆ. ನಂಬರು ಬಂದ್ ಮಾಡುವ ಬಗ್ಗೆ ತಾನು ಗ್ರಾಹಕರಿಗೆ ಕರೆಯನ್ನಾಗಲಿ ಸಂದೇಶವನ್ನಾಗಲಿ ಕಳಿಸುವುದಿಲ್ಲವೆಂದು ಟ್ರಾಯ್ ಹಲವು ಸಲ ಸ್ಪಷ್ಟಪಡಿಸಿದೆ. 9 ಒತ್ತಿದವರು ಮನುಷ್ಯನೊಬ್ಬನ ಕೈಗೆ ಸಿಗುತ್ತಾರೆ, ಅಲ್ಲಿಂದ ಮುಂದಿನದು ಮೂರನೆಯ ಜಾತಿ.

ಮೂರನೆಯದು ನೇರ ವಂಚನೆ. ಮುಂಬಯಿಯಲ್ಲಿ ಇದು ಪೈಪ್ ಗ್ಯಾಸಿನ ಬಿಲ್ ಬಾಕಿ ಇದೆ, ಇವತ್ತು ರಾತ್ರಿಯೇ ಸಂಪರ್ಕ ಕಡಿತವಾಗುತ್ತದೆ ಎಂಬ ರೂಪದಲ್ಲಿ ಬರುತ್ತದೆ. ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಎಪಿಕೆ ಫೈಲ್ (ಫೋನಿಗೆ ಆಪ್ ಹಾಕುವ ಫೈಲ್) ಬರುತ್ತದೆ. ವಾಹನದ ಇ-ಚಲನ್ ಎಂಬ ಹೆಸರಿನಲ್ಲೂ ಇಂಥದ್ದೇ ಫೈಲ್ ಓಡಾಡುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿ ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ, ಫೋನಿಗೆ ಬರುವ ಒಟಿಪಿಗಳು ಕಳ್ಳನಿಗೂ ಕಾಣತೊಡಗುತ್ತವೆ. ನಾಲ್ಕನೆಯದು ಡಿಜಿಟಲ್ ಅರೆಸ್ಟ್. ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಮೇಲೆ ಕಪ್ಪುಹಣದ ಖಾತೆ ತೆರೆದಿದ್ದಾರೆ ಎಂದು ಹೆದರಿಸಿ, ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕ್ಯಾಮೆರಾ ಮುಂದೆ ಕೂರಿಸುವ ದಂಧೆ ಇದು. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಕೇಳಿಸಿದ್ದು ಇಂಥದ್ದೇ ಒಂದು ಸಂಭಾಷಣೆಯನ್ನು. ಅದನ್ನು ಚಿತ್ರೀಕರಿಸಿಕೊಂಡಿದ್ದವರು ನಮ್ಮ ವಿಜಯಪುರದವರು. ಡಿಜಿಟಲ್ ಅರೆಸ್ಟ್ ಎಂಬ ಕ್ರಮ ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ.

ಕಿರಿಕಿರಿಗೂ ವಂಚನೆಗೂ ಒಂದೇ ಮದ್ದಿಲ್ಲವೆಂಬುದನ್ನು ಮುಂದಿನ ಹೋಲಿಕೆಯುದ್ದಕ್ಕೂ ನೆನಪಿಡಿ.

ಯಾವುದರಿಂದ ಅಳೆಯಬೇಕು

ನಾನು ಐದು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಒಂದು, ಈ ಉಪಾಯ ನಾಲ್ಕು ಜಾತಿಯ ಕರೆಗಳಲ್ಲಿ ಯಾವುದನ್ನು ತಡೆಯುತ್ತದೆ, ವಾಟ್ಸಾಪ್ ಕರೆಗೂ ಅನ್ವಯಿಸುತ್ತದೆಯೇ? ಎರಡು, ಇದರಿಂದ ಎಷ್ಟು ನಿಜವಾದ ಕರೆಗಳು ತಪ್ಪಿಹೋಗುತ್ತವೆ? ಆಸ್ಪತ್ರೆ, ಕೊರಿಯರ್, ಸೊಸೈಟಿಯ ವಾಚ್‌ಮನ್, ಊರಿನಿಂದ ಯಾರದೋ ಫೋನಿನಲ್ಲಿ ಮಾತಾಡುವ ಚಿಕ್ಕಪ್ಪ, ಇವರೆಲ್ಲ ಗೊತ್ತಿಲ್ಲದ ನಂಬರಿನಿಂದಲೇ ಕರೆ ಮಾಡುವವರು. ಮೂರು, ಹಣದ ರೂಪದಲ್ಲಿ ಅಥವಾ ಖಾಸಗಿ ಮಾಹಿತಿಯ ರೂಪದಲ್ಲಿ ಇದಕ್ಕೆ ಏನು ತೆರಬೇಕು? ನಾಲ್ಕು, ಯಾವ ಫೋನಿನಲ್ಲಿ ನಡೆಯುತ್ತದೆ? ಐದನೆಯದು ಬಹಳ ಮುಖ್ಯ: ಒಮ್ಮೆ ಹಾಕಿಕೊಟ್ಟ ಮೇಲೆ ಅದನ್ನು ಬಳಸುವವರು ಯಾರು? ಮಗ ಬೆಂಗಳೂರಿನಿಂದ ಬಂದಾಗ ಹಾಕಿಕೊಟ್ಟು ಹೋದ ಆಪ್ ಮೂರು ತಿಂಗಳ ಮೇಲೆ ಅನುಮತಿ ಕೇಳಿದಾಗ, ಆ ಇಂಗ್ಲಿಷ್ ಪೆಟ್ಟಿಗೆಗೆ ಉತ್ತರ ಕೊಡಬೇಕಾದವರು ಎಪ್ಪತ್ತು ದಾಟಿದ ಅಮ್ಮ.

ಡಿಎನ್‌ಡಿ: ಪುಕ್ಕಟೆ, ಕಾನೂನುಬದ್ಧ, ಆದರೆ ಕಳ್ಳನಿಗೆ ಲೆಕ್ಕವಿಲ್ಲ

1909ಕ್ಕೆ 'ಸ್ಟಾರ್ಟ್ 0' ಎಂದು ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಕಳಿಸಿದರೆ ಪ್ರಚಾರದ ಎಲ್ಲ ಕರೆ, ಸಂದೇಶಗಳನ್ನು ಬೇಡವೆಂದು ದಾಖಲಿಸಿದಂತಾಗುತ್ತದೆ. ಸಾದಾ ಬಟನ್ ಫೋನಿನಿಂದಲೂ ಇದನ್ನು ಮಾಡಬಹುದು. ಟ್ರಾಯ್‌ನ 2018ರ ನಿಯಮಾವಳಿ ಇದರ ಬೆನ್ನಿಗಿದೆ. 2025ರ ಫೆಬ್ರವರಿಯ ತಿದ್ದುಪಡಿಯ ನಂತರ ದೂರು ಕೊಡುವುದು ಸುಲಭವಾಗಿದೆ: ಕರೆ ಬಂದು 7 ದಿನಗಳೊಳಗೆ ದೂರು ಕೊಡಬಹುದು, ಮತ್ತು ಒಂದೇ ನಂಬರಿನ ಮೇಲೆ 10 ದಿನಗಳಲ್ಲಿ 5 ದೂರುಗಳು ಬಂದರೆ ಕ್ರಮ ಜರುಗಿಸಬೇಕು. ಪ್ರಚಾರದ ಕರೆಗಳು 140ರಿಂದ ಆರಂಭವಾಗುವ ನಂಬರುಗಳಿಂದಲೇ ಬರಬೇಕು, ಸಾಮಾನ್ಯ ಹತ್ತಂಕಿಯ ನಂಬರಿನಿಂದ ಮಾಡುವಂತಿಲ್ಲ.

ಇದರ ಮಿತಿ ಇದರ ಸ್ವರೂಪದಲ್ಲೇ ಇದೆ. ಇದು ನೋಂದಾಯಿತ ಕಂಪನಿಗಳ ಮೇಲಿನ ಕಟ್ಟುಪಾಡು. ಬೇರೊಬ್ಬರ ದಾಖಲೆಯಲ್ಲಿ ತೆಗೆದ ಸಿಮ್‌ನಿಂದ ಕರೆ ಮಾಡುವ ಕಳ್ಳನು ಡಿಎನ್‌ಡಿ ಪಟ್ಟಿಯನ್ನು ನೋಡುವುದಿಲ್ಲ. ಆದರೂ ಇದನ್ನು ಎಲ್ಲರೂ ಮಾಡಿಸಬೇಕೆಂದೇ ನನ್ನ ಸಲಹೆ. ಪ್ರಚಾರದ ಕರೆಗಳು ಕಡಿಮೆಯಾದ ಫೋನಿನಲ್ಲಿ, ಸಾಲ ಕೊಡುತ್ತೇವೆಂದು ಬರುವ ಕರೆಯೇ ಅನುಮಾನಕ್ಕೆ ಕಾರಣವಾಗುತ್ತದೆ.

ಸಿಮ್ ಕಂಪನಿಯ ಎಚ್ಚರಿಕೆ

2024ರ ಸೆಪ್ಟೆಂಬರಿನಲ್ಲಿ ಏರ್‌ಟೆಲ್ ತನ್ನ ಜಾಲದಲ್ಲೇ ಅನುಮಾನದ ಕರೆಗಳನ್ನು ಗುರುತಿಸಿ ಪರದೆಯ ಮೇಲೆ 'ಸ್ಪ್ಯಾಮ್ ಇರಬಹುದು' ಎಂದು ತೋರಿಸುವ ವ್ಯವಸ್ಥೆಯನ್ನು ಆರಂಭಿಸಿತು. ವಿಐ ಕೂಡ ಅದೇ ದಾರಿ ಹಿಡಿಯಿತು. ಒಂದು ನಂಬರಿನಿಂದ ದಿನಕ್ಕೆ ಎಷ್ಟು ಕರೆ ಹೋಗುತ್ತಿದೆ, ಎಷ್ಟು ಹೊತ್ತು ಮಾತು ನಡೆಯುತ್ತಿದೆ ಎಂಬಂಥ ಲಕ್ಷಣಗಳಿಂದ ಜಾಲವೇ ಊಹಿಸುತ್ತದೆ. ಇದರ ದೊಡ್ಡ ಗುಣವೆಂದರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಅನುಮತಿ ಕೊಡಬೇಕಿಲ್ಲ, ಹೆಚ್ಚಿನ ಹಣವಿಲ್ಲ. ವಯಸ್ಸಾದವರಿಗೆ ಇದಕ್ಕಿಂತ ಸಲೀಸಾದುದಿಲ್ಲ.

ಸರ್ಕಾರದ ಮಟ್ಟದಲ್ಲೂ ಒಂದು ಜರಡಿ ಇದೆ. ವಿದೇಶದಿಂದ ಹೊರಟು ಭಾರತದ ನಂಬರಿನಂತೆ ತೋರುವ ಸುಳ್ಳು ಕರೆಗಳನ್ನು ಗಡಿಯಲ್ಲೇ ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರಿನಲ್ಲಿ ಜಾರಿಗೆ ತಂದಿತು. ಹಾಗೆಯೇ, ಸಿಮ್ ಪಡೆಯುವಾಗ ಕೊಟ್ಟ ದಾಖಲೆಯಲ್ಲಿರುವ ಹೆಸರನ್ನೇ ಕರೆ ಬಂದಾಗ ತೋರಿಸುವ ಸಿಎನ್‌ಎಪಿ ವ್ಯವಸ್ಥೆಯನ್ನು ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಒಳ್ಳೆಯ ಏರ್ಪಾಡೇ, ಆದರೆ ಹಣದಾಸೆಗೆ ಸಿಮ್ ಮಾರಿಕೊಂಡ ಯಾರದೋ ಹೆಸರು ಪರದೆಯ ಮೇಲೆ ಮೂಡಿದರೆ ಅದು ಕರೆ ಮಾಡಿದವನ ಹೆಸರಾಗುವುದಿಲ್ಲ.

ಈ ಒಂದು ಸೌಲಭ್ಯಕ್ಕಾಗಿ ಸಿಮ್ ಕಂಪನಿ ಬದಲಿಸಬೇಕೇ? ಬೇಡ. ನಂಬರನ್ನು ಪೋರ್ಟ್ ಮಾಡುವಾಗ ಬ್ಯಾಂಕಿನ ಒಟಿಪಿ ಕೆಲಹೊತ್ತು ನಿಲ್ಲಬಹುದು, ಮನೆಯೊಳಗೆ ಸಿಗ್ನಲ್ ಸಿಗದೆ ಹೋಗಬಹುದು. ಹೊಸ ಸಿಮ್ ತೆಗೆದುಕೊಳ್ಳಲೇಬೇಕಾದಾಗ ಮಾತ್ರ ಇದನ್ನೂ ಒಂದು ಗುಣವೆಂದು ಪರಿಗಣಿಸಿ.

ಟ್ರೂಕಾಲರ್, ಮತ್ತು ಫೋನಿನೊಳಗೇ ಇರುವುದು

2009ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಟ್ರೂಕಾಲರ್ ನಮ್ಮಲ್ಲಿ ಮನೆಮಾತಾಗಿದೆ. ಬಳಸುವವರೇ ನಂಬರುಗಳಿಗೆ ಹೆಸರು ಹಚ್ಚುತ್ತಾರೆ, ಕಾಟ ಕೊಡುವ ನಂಬರುಗಳನ್ನು ಗುರುತಿಸುತ್ತಾರೆ. ಕಾಟ ಕೊಡುವ ಹಳೆಯ ನಂಬರುಗಳನ್ನು ಗುರುತಿಸುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ಹೋಟೆಲು, ಕೇಟರಿಂಗ್, ವಿಮೆ, ಮನೆ ಬಾಡಿಗೆಯಂಥ ವ್ಯವಹಾರದಲ್ಲಿರುವವರು ಗೊತ್ತಿಲ್ಲದ ಕರೆಗಳನ್ನು ಎತ್ತಲೇಬೇಕಾದ್ದರಿಂದ ಅವರಿಗೆ ಇದು ನಿಜಕ್ಕೂ ಉಪಯುಕ್ತ.

ಇದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು ಖಾಸಗಿತನದ್ದು: ಇಂಥ ಆಪ್‌ಗೆ ಕರೆಗಳ ಪಟ್ಟಿ, ಸಂದೇಶ, ಸಂಪರ್ಕಗಳ ಅನುಮತಿ ಕೊಡುವಾಗ ನಿಮ್ಮದಷ್ಟೇ ಅಲ್ಲ, ನಿಮ್ಮ ಫೋನಿನಲ್ಲಿರುವ ಬೇರೆಯವರ ಮಾಹಿತಿಯನ್ನೂ ಒಪ್ಪಿಸುತ್ತಿರಬಹುದು. ಸಂದೇಶಗಳ ಅನುಮತಿಯನ್ನು ಕೊಡದೆಯೂ ಕರೆ ಗುರುತಿಸುವ ಕೆಲಸ ನಡೆಯುತ್ತದೆ; ಒಟಿಪಿ ಬರುವ ಫೋನಿನಲ್ಲಿ ಆ ಅನುಮತಿಯನ್ನು ತಡೆಹಿಡಿಯುವುದು ಒಳ್ಳೆಯದು. ಎರಡನೆಯ ಕೊರತೆ ಇನ್ನೂ ಅಪಾಯಕಾರಿ. ಅಲ್ಲಿ ಕಾಣುವ ಹೆಸರು ಯಾರೋ ಹಚ್ಚಿದ ಹೆಸರು. ಬ್ಯಾಂಕಿನ ಹೆಸರನ್ನೋ ಪೊಲೀಸ್ ಠಾಣೆಯ ಹೆಸರನ್ನೋ ತನ್ನ ನಂಬರಿಗೆ ತಾನೇ ಹಚ್ಚಿಕೊಳ್ಳುವುದು ಕಳ್ಳನಿಗೆ ಕಷ್ಟವಲ್ಲ. ಕೆಂಪು ಬಣ್ಣ ಬಂದರೆ ಎತ್ತಬೇಡಿ ಎಂಬುದು ಸರಿ. ಕೆಂಪು ಬರಲಿಲ್ಲವೆಂದು ನಂಬಬೇಡಿ ಎಂಬುದನ್ನು ಅದಕ್ಕಿಂತ ಗಟ್ಟಿಯಾಗಿ ಮನೆಯವರಿಗೆ ಹೇಳಬೇಕು. ನನ್ನ ಮಟ್ಟಿಗೆ, ಹಿರಿಯರ ಫೋನಿನಲ್ಲಿ ಟ್ರೂಕಾಲರ್ ಹಾಕದಿರಲು ಈ ಒಂದೇ ಕಾರಣ ಸಾಕು. ಪರದೆಯ ಮೇಲೆ 'ಕ್ರೈಂ ಬ್ರ್ಯಾಂಚ್' ಎಂದು ಕಂಡಾಗ ಅವರ ಹೆದರಿಕೆ ಹೆಚ್ಚುತ್ತದೆಯೇ ಹೊರತು ಅನುಮಾನ ಹುಟ್ಟುವುದಿಲ್ಲ.

ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿರುವ ಗೂಗಲ್ ಫೋನ್ ಆಪ್‌ನಲ್ಲೂ, ಸ್ಯಾಮ್ಸಂಗ್‌ನ ಸ್ವಂತ ಡಯಲರ್‌ನಲ್ಲೂ ಸ್ಪ್ಯಾಮ್ ಗುರುತಿಸುವ ಸೌಲಭ್ಯವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದು ಆನ್ ಆಗಿದೆಯೇ ಎಂದು ನೋಡಿದರೆ ಸಾಕು. ಟ್ರೂಕಾಲರ್‌ನಷ್ಟು ಹೆಸರುಗಳು ಇದರಲ್ಲಿ ಕಾಣುವುದಿಲ್ಲ, ಆದರೆ ಇನ್ನೊಂದು ಕಂಪನಿಗೆ ಹೊಸದಾಗಿ ಅನುಮತಿ ಕೊಡುವ ಪ್ರಸಂಗವೂ ಇರುವುದಿಲ್ಲ. ಕಚೇರಿಗೆ ಹೋಗುವ ಸಾಮಾನ್ಯ ಬಳಕೆದಾರರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ಗೊತ್ತಿಲ್ಲದವರ ಸದ್ದೇ ಬೇಡ ಎಂದರೆ

ಕರೆ ತಡೆಯುವ ಉಪಾಯಗಳಲ್ಲಿ ಅತ್ಯಂತ ಬಿಗಿಯಾದುದು ಇದು. ಐಫೋನಿನಲ್ಲಿ 2019ರಿಂದಲೂ ಪರಿಚಯವಿಲ್ಲದ ಕರೆಗಳನ್ನು ಮೌನಗೊಳಿಸುವ ಸೌಲಭ್ಯವಿದೆ. ಆಂಡ್ರಾಯ್ಡ್‌ನಲ್ಲಿ 'ಡು ನಾಟ್ ಡಿಸ್ಟರ್ಬ್' (ಮೇಲೆ ಹೇಳಿದ ಡಿಎನ್‌ಡಿ ನೋಂದಣಿಯಲ್ಲ, ಫೋನಿನದೇ ಸೆಟ್ಟಿಂಗ್) ಹಾಕಿ, ಸಂಪರ್ಕ ಪಟ್ಟಿಯಲ್ಲಿರುವವರ ಕರೆಗಳಿಗೆ ಮಾತ್ರ ಅವಕಾಶ ಕೊಡಬಹುದು. ಕರೆ ಬಂದದ್ದು ಪಟ್ಟಿಯಲ್ಲಿ ಉಳಿಯುತ್ತದೆ, ಗಂಟೆ ಮಾತ್ರ ಬಾರಿಸುವುದಿಲ್ಲ. ಹಣ ಖರ್ಚಿಲ್ಲ, ಮಾಹಿತಿ ಯಾರಿಗೂ ಹೋಗುವುದಿಲ್ಲ, ಯಂತ್ರದ ಕರೆಯೂ ಹೊಸ ನಂಬರಿನ ಕಳ್ಳನೂ ಇಬ್ಬರೂ ಹೊರಗೆ.

ತೆರಬೇಕಾದ ಬೆಲೆಯೂ ಅಷ್ಟೇ ದೊಡ್ಡದು. ಮನೆಯವರೊಬ್ಬರು ಆಸ್ಪತ್ರೆಗೆ ಸೇರಿದಾಗ ಬರುವ ಕರೆ ಗೊತ್ತಿಲ್ಲದ ನಂಬರಿನಿಂದಲೇ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಇದಕ್ಕೊಂದು ಮಧ್ಯದ ದಾರಿಯಿದೆ: 15 ನಿಮಿಷಗಳೊಳಗೆ ಅದೇ ನಂಬರಿನಿಂದ ಎರಡನೆಯ ಸಲ ಕರೆ ಬಂದರೆ ಗಂಟೆ ಬಾರಿಸಲು ಬಿಡುವ ಆಯ್ಕೆ. ಬಿಡದೆ ಪೀಡಿಸುವ ಕಳ್ಳನೂ ಇದರಿಂದ ಒಳಬರಬಹುದು, ಆದರೆ ಒಂದೇ ಸಲ ಕರೆ ಮಾಡಿ ಮುಂದಿನ ನಂಬರಿಗೆ ಹೋಗುವ ಯಂತ್ರ ಬರಲಾರದು. ಇದನ್ನು ಹಾಕುವ ಮೊದಲು ಫೋನಿನ ಸಂಪರ್ಕ ಪಟ್ಟಿಯನ್ನು ತುಂಬಿಸಲೇಬೇಕು: ಮಹಡಿಯ ನೆರೆಯವರು, ಸೊಸೈಟಿಯ ಗೇಟು, ಡಾಕ್ಟರು, ಔಷಧದ ಅಂಗಡಿ, ಹಾಲಿನವರು, ಗ್ಯಾಸ್ ಸಿಲಿಂಡರ್ ತರುವವರು, ಊರಿನ ಬಂಧುಗಳೆಲ್ಲರೂ. ಈ ಕೆಲಸಕ್ಕೆ ಒಂದು ಮಧ್ಯಾಹ್ನ ಬೇಕು, ಆ ಒಂದು ಮಧ್ಯಾಹ್ನ ಯಾವ ಆಪ್‌ಗಿಂತಲೂ ಹೆಚ್ಚು ಕಾಯುತ್ತದೆ.

ವಾಟ್ಸಾಪ್‌ನಲ್ಲಿ ಇದೇ ಸೌಲಭ್ಯ 2023ರ ಜೂನ್‌ನಿಂದ ಇದೆ: ಸೆಟ್ಟಿಂಗ್ಸ್, ಅಲ್ಲಿಂದ ಪ್ರೈವಸಿ, ಅಲ್ಲಿಂದ ಕಾಲ್ಸ್, ಅಲ್ಲಿ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್'. ಇದನ್ನು ಮಾತ್ರ ಎಲ್ಲ ವಯಸ್ಸಿನವರೂ, ಎಲ್ಲ ಉದ್ಯೋಗದವರೂ ಇವತ್ತೇ ಹಾಕಿಕೊಳ್ಳಬೇಕು. ಆಸ್ಪತ್ರೆಯಾಗಲಿ ಕೊರಿಯರ್ ಆಗಲಿ ಮೊದಲ ಸಲಕ್ಕೇ ವಾಟ್ಸಾಪ್ ಕರೆ ಮಾಡುವುದು ವಿರಳ, ಆದ್ದರಿಂದ ಕಳೆದುಕೊಳ್ಳುವುದು ಬಹುತೇಕ ಏನೂ ಇಲ್ಲ. ಡಿಜಿಟಲ್ ಅರೆಸ್ಟ್ ನಡೆಯುವುದೇ ಇಂಥ ವಿಡಿಯೊ ಕರೆಗಳಲ್ಲಿ, ಮತ್ತು ಡಿಎನ್‌ಡಿಯಾಗಲಿ ಸಿಮ್ ಕಂಪನಿಯ ಎಚ್ಚರಿಕೆಯಾಗಲಿ ಅವುಗಳನ್ನು ಮುಟ್ಟುವುದಿಲ್ಲ.

ಬ್ಯಾಂಕಿನ ನಿಜವಾದ ಕರೆಯ ಗತಿಯೇನು ಎಂದು ಕೇಳುವವರಿದ್ದಾರೆ. ಬ್ಯಾಂಕುಗಳು ಖಾತೆಯ ವ್ಯವಹಾರಕ್ಕೆ ಸಂಬಂಧಿಸಿದ ಕರೆಗಳನ್ನು 1600ರಿಂದ ಆರಂಭವಾಗುವ ನಂಬರುಗಳಿಂದಲೇ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚಿಸಿತು. ಹತ್ತಂಕಿಯ ಮೊಬೈಲಿನಿಂದ 'ಬ್ಯಾಂಕಿನವನು' ಮಾತಾಡಿದರೆ ಕರೆ ಇಟ್ಟು, ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ. 1600ರಿಂದ ಬಂದ ಕರೆಯಾದರೂ ಒಟಿಪಿ ಹೇಳುವ ಪ್ರಸಂಗವಿಲ್ಲ.

ಹಣ ಹೊರಹೋಗುವ ಬಾಗಿಲು

ಇಲ್ಲಿಂದ ಮುಂದಿನವು ಕರೆ ತಡೆಯುವುದಿಲ್ಲ, ಕರೆ ಎತ್ತಿದ ಮೇಲಿನ ನಷ್ಟವನ್ನು ತಡೆಯುತ್ತವೆ. ಕೈಯಲ್ಲಿರುವ ಸಮಯ ಒಂದೇ ಕೆಲಸಕ್ಕೆ ಸಾಲುವುದಾದರೆ ಮೊದಲು ಇದನ್ನು ಮಾಡಿ ಎಂದು ಹೇಳುತ್ತೇನೆ.

ಮೊದಲ ಆಯ್ಕೆ ಎರಡು ಖಾತೆಗಳದ್ದು. ಪಿಂಚಣಿ, ಉಳಿತಾಯ ಇರುವ ಖಾತೆಗೆ ಯುಪಿಐಯನ್ನು ಜೋಡಿಸಬೇಡಿ. ತರಕಾರಿ, ಔಷಧ, ರಿಕ್ಷಾಗಳಿಗೆ ಬೇಕಾದ ತಿಂಗಳ ಖರ್ಚನ್ನು ಇನ್ನೊಂದು ಸಣ್ಣ ಖಾತೆಗೆ ಹಾಕಿ ಯುಪಿಐಯನ್ನು ಅದಕ್ಕೇ ಇರಿಸಿ. ಖರ್ಚೆಂದರೆ ಎರಡನೆಯ ಖಾತೆಯ ಕನಿಷ್ಠ ಬಾಕಿ ಮಾತ್ರ, ಕನಿಷ್ಠ ಬಾಕಿ ಬೇಕಿಲ್ಲದ ಖಾತೆಗಳೂ ಸಿಗುತ್ತವೆ. ಕೂಲಿ ಕೆಲಸದವರಿಗೂ ಇದು ಹೊಂದುತ್ತದೆ.

ಎರಡನೆಯದು ಮಿತಿಗಳದ್ದು. ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆಗಳನ್ನು ಬಂದ್ ಮಾಡುವ, ಮಿತಿ ಇಳಿಸುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2020ರಲ್ಲೇ ಹೇಳಿದೆ. ನೆಟ್ ಬ್ಯಾಂಕಿಂಗ್‌ನ ದಿನದ ಮಿತಿಯನ್ನೂ ಇಳಿಸಿ. ಮನೆ ಕೊಳ್ಳುವಾಗಲೋ ಮದುವೆಯ ಸಮಯದಲ್ಲೋ ಮಿತಿ ಏರಿಸಲು ಒಂದು ದಿನ ಅಲೆಯಬೇಕಾದೀತು, ಅಷ್ಟೇ.

ಮೂರನೆಯದು ಠೇವಣಿಯದ್ದು, ಹಿರಿಯರಿರುವ ಮನೆಗಳು ಇದನ್ನು ಗಮನವಿಟ್ಟು ಓದಬೇಕು. ಡಿಜಿಟಲ್ ಅರೆಸ್ಟ್‌ನಲ್ಲಿ ದೊಡ್ಡ ಮೊತ್ತ ಹೋಗುವುದು ಹೆಚ್ಚಾಗಿ ಯುಪಿಐಯಿಂದಲ್ಲ; ಹೆದರಿದ ವ್ಯಕ್ತಿ ತಾನೇ ಶಾಖೆಗೆ ಹೋಗಿ ಎಫ್‌ಡಿ ಮುರಿಸಿ ಆರ್‌ಟಿಜಿಎಸ್ ಮೂಲಕ ಹಣವನ್ನು ಬೇರೆ ಖಾತೆಗೆ ಕಳಿಸುತ್ತಾನೆ, ಯಾರಿಗೂ ಹೇಳಕೂಡದೆಂದು ಅವನಿಗೆ ಆಣೆ ಹಾಕಿಸಿರುತ್ತಾರೆ. ನಮ್ಮ ಮನೆಗಳ ಎಫ್‌ಡಿಗಳು ಸಾಮಾನ್ಯವಾಗಿ 'ಐದರ್ ಆರ್ ಸರ್ವೈವರ್' ಎಂದಿರುತ್ತವೆ, ಅಂದರೆ ಇಬ್ಬರಲ್ಲಿ ಯಾರಾದರೊಬ್ಬರು ಖಾತೆ ನಡೆಸಬಹುದು. ದೊಡ್ಡ ಠೇವಣಿಯನ್ನು 'ಜಾಯಿಂಟ್ಲಿ' ಎಂದು ಇರಿಸಿದರೆ ಮುರಿಸಲು ಇಬ್ಬರ ಸಹಿಯೂ ಬೇಕಾಗುತ್ತದೆ. ತಾಯಿಯ ಜೊತೆ ಮಗಳ ಹೆಸರಿದ್ದರೆ, ಮಗಳಿಗೆ ಗೊತ್ತಾಗದೆ ಆ ಹಣ ಕದಲುವುದಿಲ್ಲ. ಇದರ ತೊಡಕನ್ನೂ ಮುಚ್ಚಿಡಬಾರದು: ಒಬ್ಬರು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಇದ್ದರೆ, ಅಥವಾ ಮಗಳು ಅಮೆರಿಕದಲ್ಲಿದ್ದರೆ, ಅದೇ ಹಣವನ್ನು ಚಿಕಿತ್ಸೆಗೆ ತೆಗೆಯುವುದೂ ಕಷ್ಟ. ಹೀಗಾಗಿ ಎಲ್ಲವನ್ನೂ ಹಾಗೆ ಇಡಬೇಡಿ. ಆರು ತಿಂಗಳ ಖರ್ಚು ಮತ್ತು ಒಂದು ಆಸ್ಪತ್ರೆಯ ಬಿಲ್ಲಿಗೆ ಆಗುವಷ್ಟನ್ನು ಸುಲಭವಾಗಿ ಸಿಗುವಂತೆ ಇಟ್ಟು, ಉಳಿದದ್ದನ್ನು ಜಂಟಿ ಸಹಿಗೆ ಒಳಪಡಿಸುವುದು ಸಮತೂಕದ ದಾರಿ. ಎರಡನೆಯ ಹೆಸರಿನವರು ಅದೇ ಊರಿನಲ್ಲಿರುವವರಾದರೆ ಇನ್ನೂ ಒಳ್ಳೆಯದು.

ಇನ್ನೊಂದು ಹೊಸ ಅನುಕೂಲವನ್ನೂ ಬಳಸಿಕೊಳ್ಳಿ. ಆರ್‌ಟಿಜಿಎಸ್, ನೆಫ್ಟ್ ಮಾಡುವಾಗ ಹಣ ಹೋಗುವ ಖಾತೆಯ ನಿಜವಾದ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. 'ಸರ್ಕಾರಿ ಪರಿಶೀಲನಾ ಖಾತೆ' ಎಂದು ಫೋನಿನಲ್ಲಿ ಹೇಳಿದ್ದು ಪರದೆಯ ಮೇಲೆ ಯಾವುದೋ ಟ್ರೇಡಿಂಗ್ ಕಂಪನಿಯ ಹೆಸರಾಗಿ ಕಂಡರೆ, ಅಲ್ಲಿಗೇ ನಿಲ್ಲಬೇಕು.

ಯಾರಿಗೆ ಯಾವುದು

ಮುಂಬಯಿಯ ಉಪನಗರಗಳಲ್ಲಿ ಒಂಟಿಯಾಗಿ ಅಥವಾ ದಂಪತಿಯಾಗಿ ಇರುವ ಹಿರಿಯರಿಗೆ: ಸಂಪರ್ಕ ಪಟ್ಟಿ ತುಂಬಿಸಿ, ಅದರಲ್ಲಿರುವವರಿಗೆ ಮಾತ್ರ ಗಂಟೆ, ಎರಡನೆಯ ಸಲ ಕರೆ ಬಂದರೆ ಅವಕಾಶ, ವಾಟ್ಸಾಪ್‌ನಲ್ಲಿ ಅಪರಿಚಿತರಿಗೆ ಮೌನ. ಬ್ಯಾಂಕಿನಲ್ಲಿ ಎರಡು ಖಾತೆ, ದೊಡ್ಡ ಠೇವಣಿಗೆ ಜಂಟಿ ಸಹಿ. ಟ್ರೂಕಾಲರ್ ಬೇಡ. ಇದರ ಜೊತೆಗೆ ಮಕ್ಕಳು ಒಂದು ಮಾತು ಕೊಡಬೇಕು: "ಅಮ್ಮ, ಪೊಲೀಸ್ ಅಂತ ಯಾರಾದರೂ ಫೋನ್ ಮಾಡಿದರೆ, ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು. ನಾನು ಬೈಯುವುದಿಲ್ಲ." ಬೈಗುಳದ ಭಯದಿಂದಲೇ ಎಷ್ಟೋ ಹಿರಿಯರು ಸುಮ್ಮನಿರುತ್ತಾರೆ, ವಂಚಕರಿಗೆ ಬೇಕಾಗಿರುವುದೂ ಆ ಮೌನವೇ. ಹಿಂದಿ, ಮರಾಠಿಯ ನಡುವೆ ಬದುಕುವ ನಮ್ಮ ಹಿರಿಯರಿಗೆ ಫೋನಿನಲ್ಲಿ ಕನ್ನಡವೋ ತುಳುವೋ ಕೇಳಿದೊಡನೆ ಆಪ್ತತೆ ಮೂಡುವುದು ಸಹಜ. ಭಾಷೆ ನಮ್ಮದೆಂದ ಮಾತ್ರಕ್ಕೆ ಕರೆ ನಮ್ಮವರದಲ್ಲ ಎಂಬುದನ್ನೂ ಮೆಲ್ಲಗೆ ತಿಳಿಸಿ ಹೇಳಬೇಕು.

ಹೋಟೆಲು, ಕೇಟರಿಂಗ್ ನಡೆಸುವವರು ಅಪರಿಚಿತರ ಕರೆ ಎತ್ತದೆ ವ್ಯಾಪಾರವಿಲ್ಲ. ಅವರಿಗೆ ಎರಡು ನಂಬರುಗಳೇ ಸರಿ. ಬೋರ್ಡಿನ ಮೇಲೆ, ಮೆನು ಕಾರ್ಡಿನ ಮೇಲೆ ಇರುವ ನಂಬರು ಒಂದು, ಅದರ ಫೋನಿನಲ್ಲಿ ಟ್ರೂಕಾಲರ್ ಇರಲಿ, ಬ್ಯಾಂಕಿನ ಆಪ್ ಇರದಿರಲಿ. ಬ್ಯಾಂಕಿಗೆ ಕೊಟ್ಟ ನಂಬರು ಇನ್ನೊಂದು, ಅದು ಯಾವ ಗಿರಾಕಿಗೂ ಗೊತ್ತಿರಬಾರದು. ಎರಡನೆಯ ಸಿಮ್‌ನ ರೀಚಾರ್ಜ್ ಖರ್ಚು ಬೀಳುತ್ತದೆ. ಡೇಟಾ ಇಲ್ಲದ, ಮಾತು ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕುಗಳು 2025ರಿಂದ ಸಿಗುವುದರಿಂದ ಹೊರೆ ತುಸು ಕಡಿಮೆ. ಈ ವ್ಯಾಪಾರದವರನ್ನೇ ಗುರಿಯಾಗಿಸಿದ ಒಂದು ಮೋಸವಿದೆ. ಕೊಲಾಬಾದ ಸೈನಿಕ ಶಿಬಿರದಿಂದಲೋ ಪುಣೆಯ ಖಡ್ಕಿಯಿಂದಲೋ ಮಾತಾಡುತ್ತಿದ್ದೇನೆಂದು ಹೇಳಿ ಐವತ್ತು ಊಟಕ್ಕೆ ಆರ್ಡರ್ ಕೊಡುತ್ತಾರೆ. ಗುರುತಿನ ಚೀಟಿಯ ಫೋಟೊ ಕಳಿಸುತ್ತಾರೆ. ಆಮೇಲೆ, ಸೈನ್ಯದ ಪಾವತಿ ವ್ಯವಸ್ಥೆ ಬೇರೆ, ಹಣ ಬರಬೇಕಾದರೆ ಈ ಕ್ಯುಆರ್ ಸ್ಕ್ಯಾನ್ ಮಾಡಿ ಎನ್ನುತ್ತಾರೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಹಣ ಪಡೆಯಲು ಪಿನ್ ಬೇಕೇ ಇಲ್ಲ ಎಂಬ ಒಂದು ಸಾಲನ್ನು ಗಲ್ಲೆಯ ಪಕ್ಕ ಬರೆದು ಅಂಟಿಸಿ, ಗಲ್ಲೆಯಲ್ಲಿ ಕೂರುವ ಹುಡುಗರಿಗೂ ಹೇಳಿಕೊಡಿ.

ಪುಣೆಯ ಐಟಿ ಉದ್ಯೋಗಿಗಳಿಗೆ ಫೋನಿನೊಳಗಿನ ಸ್ಪ್ಯಾಮ್ ತಡೆ, ಡಿಎನ್‌ಡಿ, ವಾಟ್ಸಾಪ್ ಮೌನ, ಕಾರ್ಡಿನ ಮಿತಿ, ಇಷ್ಟು ಸಾಕು. ಅವರು ಎಚ್ಚರ ವಹಿಸಬೇಕಾದದ್ದು ಡೆಲಿವರಿಯ ಹೆಸರಿನ ಕರೆಗಳಲ್ಲಿ: ಪಾರ್ಸೆಲ್ ತಲುಪಿಸಲು *401* ಒತ್ತಿ ಈ ನಂಬರ್ ಸೇರಿಸಿ ಎಂದರೆ, ಅದು ನಿಮ್ಮ ಕರೆಗಳನ್ನೆಲ್ಲ ಅವನ ಫೋನಿಗೆ ತಿರುಗಿಸುವ ಕೋಡು. 2024ರ ಏಪ್ರಿಲ್ 15ರಿಂದ ಈ ರೀತಿಯ ತಿರುಗಿಸುವಿಕೆಯನ್ನು ನಿಲ್ಲಿಸಲು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಿತ್ತು. ಆದರೂ ಅನುಮಾನವಿದ್ದರೆ ##002# ಒತ್ತಿ ಎಲ್ಲ ತಿರುಗಿಸುವಿಕೆಯನ್ನೂ ರದ್ದುಮಾಡಿ.

ಗೋವಾದಲ್ಲಿ ದುಡಿಯುವ ನಮ್ಮ ಕಾರ್ಮಿಕರ ಪರಿಸ್ಥಿತಿ ಬೇರೆ. ಫೋನು ಹಳೆಯದು, ಕೆಲವೊಮ್ಮೆ ಮನೆಯವರೆಲ್ಲರಿಗೂ ಒಂದೇ. ಹೊಸ ಮೇಸ್ತ್ರಿ, ಗುತ್ತಿಗೆದಾರ ಯಾವ ನಂಬರಿನಿಂದ ಕರೆದಾರೋ ತಿಳಿಯದ್ದರಿಂದ ಕರೆಗಳನ್ನು ಮೌನಗೊಳಿಸುವಂತಿಲ್ಲ. ಡಿಎನ್‌ಡಿ ಮಾಡಿಸಿ, ಯುಪಿಐ ಖಾತೆಯಲ್ಲಿ ವಾರದ ಖರ್ಚಿಗಿಂತ ಹೆಚ್ಚು ಇಡದೆ, ಉಳಿದದ್ದನ್ನು ಯುಪಿಐ ಇಲ್ಲದ ಖಾತೆಯಲ್ಲಿರಿಸುವುದೇ ಇವರಿಗೆ ಗಟ್ಟಿಯಾದ ರಕ್ಷಣೆ. ಇವರಿಗೆ ಇನ್ನೊಂದು ಅಪಾಯವೂ ಇದೆ. ಕೆಲವು ಸಾವಿರ ಕೊಟ್ಟು ಸಿಮ್ಮನ್ನೋ ಬ್ಯಾಂಕ್ ಖಾತೆಯನ್ನೋ 'ಬಾಡಿಗೆಗೆ' ಕೇಳುವವರು ಬರುತ್ತಾರೆ, ಕದ್ದ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ, ಪೊಲೀಸರು ಬಂದು ನಿಲ್ಲುವುದು ಖಾತೆಯ ಹೆಸರಿನವರ ಬಾಗಿಲಲ್ಲಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲಿಯೇ ವರದಿ ಮಾಡಬಹುದು. ಅದೇ ತಾಣದ ಚಕ್ಷು ವಿಭಾಗ ಹಣ ಇನ್ನೂ ಹೋಗಿರದ ಅನುಮಾನದ ಕರೆಗಳನ್ನು ವರದಿ ಮಾಡಲು ಇದೆ.

ಹಣ ಹೋಗಿಬಿಟ್ಟರೆ

ಆಗ ಚಕ್ಷು ಅಲ್ಲ, ಸೈಬರ್ ವಂಚನೆಯ ಸಹಾಯವಾಣಿ 1930. ಯಾವ ರಾಜ್ಯದಿಂದಲಾದರೂ ಕರೆ ಮಾಡಬಹುದು. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವುದು ಇದರ ಉದ್ದೇಶವಾದ್ದರಿಂದ, ಮನೆಯವರೊಂದಿಗೆ ಚರ್ಚಿಸಿ ನಾಳೆ ನೋಡೋಣ ಎನ್ನುವಂತಿಲ್ಲ. ಬ್ಯಾಂಕಿನ ಹೆಸರು, ಖಾತೆಯ ನಂಬರು, ಹೋದ ಮೊತ್ತ, ಹೊತ್ತು, ಯುಪಿಐ ಆದರೆ ಆ ಪಾವತಿಯ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ಮಾತಾಡಿ. ಸೈಬರ್ ಕ್ರೈಂ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಜೊತೆಯಲ್ಲೇ ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕ ತಾನೇ ಒಟಿಪಿ ಹೇಳಿ ಕಳೆದುಕೊಂಡರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ತಿಳಿಸಿದ ನಂತರದ್ದು ಬ್ಯಾಂಕಿನದು.

ಖಾತೆ ಇರುವುದು ಉಡುಪಿಯ ಶಾಖೆಯಲ್ಲಿ, ಸಿಮ್ ಕರ್ನಾಟಕದ್ದು, ಇರುವುದು ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ಎಂಬ ಸ್ಥಿತಿ ನಮ್ಮವರಲ್ಲಿ ಸಾಮಾನ್ಯ. ಯಾವ ಊರಿನ ಪೊಲೀಸರಿಗೆ ಹೇಳಬೇಕೆಂದು ಗೊಂದಲಕ್ಕೆ ಬೀಳಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಹತ್ತಿರದ ಪೊಲೀಸ್ ಠಾಣೆಯಲ್ಲಿ ಮಾಹಿತಿ ಕೊಡಬಹುದು. ನಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಹಿಂದೆ ಕಳಿಸಿದರೆ ಆ ಸೆಕ್ಷನ್ನಿನ ಹೆಸರು ಹೇಳಿ, ಲಿಖಿತ ದೂರಿನ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಹೊರಬನ್ನಿ.